ಗಂಟಲೊಳಗಿನ ನೆಂಟ

ಮಿದುಳು ಜ್ವರ ತರುವ ಒಂದು ರೋಗಾಣುವಿದೆ. ಅದರ ಸ್ವಭಾವ ನನಗೆ ಮೊದಲಿನಿಂದಲೂ ಸೋಜಿಗ. ಹದಿಹರೆಯದವರ ಗಂಟಲೆಂದರೆ ಅದಕ್ಕೆ ಬಲು ಇಷ್ಟ. ಕರೆಯದೆ ಬಂದ ನೆಂಟನ ಹಾಗೆ ತಿಂಗಳುಗಟ್ಟಲೆ ಅಲ್ಲಿ ಕೂತಿರುತ್ತದೆ, ಮನೆಯವರಿಗೆ ಸುಳಿವೇ ಇರುವುದಿಲ್ಲ. ಕೆಮ್ಮಿಲ್ಲ, ನೆಗಡಿಯಿಲ್ಲ. ಮುತ್ತು ಕೊಟ್ಟಾಗ, ಮುಖಕ್ಕೆ ಮುಖವಿಟ್ಟು ಮುದ್ದು ಮಾಡಿದಾಗ ಇನ್ನೊಬ್ಬರಿಗೆ ದಾಟುತ್ತದೆ. ನೂರಾರು ಜನರಿಗೆ ಏನೂ ಮಾಡದೆ, ಯಾವುದೋ ಒಂದು ಕೂಸಿನ ರಕ್ತಕ್ಕೆ ಇಳಿದು ಒಂದೇ ದಿನದಲ್ಲಿ ಅದನ್ನು ಮುಗಿಸಿಬಿಡುತ್ತದೆ. ಆ ಕೂಸೇ ಯಾಕೆ? ಓದಿ ಓದಿ ನನ್ನ ಕಣ್ಣು ಹೋಯಿತೇ ಹೊರತು ಪೂರಾ ಉತ್ತರ ಸಿಕ್ಕಿಲ್ಲ.

ನಾನು ಮಹತಿ. ಮಾನ್ವಿಯ ಆಚಾರ್ ಮನೆತನದವಳು, ರಾಯಚೂರಿನ ಒಂದು ಲ್ಯಾಬಿನಲ್ಲಿ ಡಾಕ್ಟರು. ಕಳೆದ ವರ್ಷ ನಾವು ಒಂದು ಪ್ರಶ್ನೆಯ ಬೆನ್ನು ಹತ್ತಿದ್ದೆವು. ಹುಡುಗಿಯರಿಗೆ ಲಸಿಕೆ ಹಾಕಿದರೆ ಅವರು ಆ ಜ್ವರದಿಂದ ಪಾರಾಗುತ್ತಾರೆ, ಸರಿ. ಆದರೆ ಗಂಟಲಿನ ನೆಂಟನೂ ಎದ್ದು ಹೋಗುತ್ತಾನೆಯೇ? ಹೋದರೆ ಸೂಜಿ ಚುಚ್ಚಿಸಿಕೊಳ್ಳದ ಅಜ್ಜಿಗೂ ಎಳೆಗೂಸಿಗೂ ಕಾವಲು ಸಿಕ್ಕಂತೆ. ಹೋಗದಿದ್ದರೆ ಚುಚ್ಚಿಸಿಕೊಂಡವರಿಗಷ್ಟೇ ಲಾಭ. ಕೆಲವು ಲಸಿಕೆಗಳು ಗಂಟಲನ್ನೂ ಕಾಯುತ್ತವೆ, ಕೆಲವು ಆ ಕಡೆ ತಲೆಯನ್ನೇ ಹಾಕುವುದಿಲ್ಲ. ನಮ್ಮದು ಯಾವ ಬಗೆ ಎಂದು ತಿಳಿಯಲು ದೇವದುರ್ಗದ ಒಂದು ಹಾಸ್ಟೆಲಿನ ಹುಡುಗಿಯರಿಗೆ ಮೊದಲು ಲಸಿಕೆ ಹಾಕಿ, ಮಾನ್ವಿಯ ಒಂದು ಹಾಸ್ಟೆಲಿನವರಿಗೆ ಕಡೆಯಲ್ಲಿ ಹಾಕುವುದೆಂದು ಇಟ್ಟುಕೊಂಡೆವು. ಲಸಿಕೆಗೆ ಮುಂಚೆ ಒಮ್ಮೆ, ಕೆಲವು ತಿಂಗಳಾದ ಮೇಲೆ ಇನ್ನೊಮ್ಮೆ, ಎರಡೂ ಕಡೆ ಹತ್ತಿಕಡ್ಡಿಯಿಂದ ಗಂಟಲು ಒರೆಸಿ ತಂದು ನೋಡುವುದು ನಮ್ಮ ಕೆಲಸ.

ಮೊದಲ ಸಲ ದೇವದುರ್ಗದಲ್ಲಿ ರೋಗಾಣು ಸಿಕ್ಕವರಲ್ಲಿ ದೇವಿಕಾ ಒಬ್ಬಳು. ಅರಕೇರಾದ ಕುರಿಗಾರರ ಮನೆಯ ಹುಡುಗಿ, ಪಿಯುಸಿ ಮೊದಲ ವರ್ಷ. ಕೇಳಿದವರಿಗೆ ಅವರವರ ಫಲಿತಾಂಶ ಹೇಳುತ್ತಿದ್ದೆವು. ಬೇರೆಯವರು ಕೇಳಿ ನಕ್ಕು ಮರೆತರು. ಇವಳು ಮಾತ್ರ ನನ್ನ ಹಿಂದೆ ಗೇಟಿನವರೆಗೂ ಬಂದಳು.

"ಮೇಡಂ, ನಾ ಊರಿಗೆ ಹೋಗಬಹುದೇನ್ರಿ?"

"ಯಾಕ ಹೋಗಬಾರದು?"

"ನಮ್ಮಕ್ಕ ಯಶೋದಾ ಹಡಿಯಾಕ ಬಂದಾಳ್ರಿ. ಹೋದ ವರ್ಷ ಆಕಿ ಮೊದಲನೇ ಕೂಸು ಇದ ಜ್ವರದಾಗ ಹೋತು. ಈಗ ನನ್ನ ಬಾಯಾಗ ಅದ ಹುಳ ಅದ ಅಂದ್ರ..."

ಇದು ಎಷ್ಟೋ ಜನರಲ್ಲಿ ಇರುತ್ತದೆ, ತಾನೇ ಹೋಗುತ್ತದೆ, ಕೂಸಿನ ಮುಖಕ್ಕೆ ಮುಖವಿಡದಿದ್ದರೆ ಸಾಕು ಎಂದೆಲ್ಲ ಹೇಳಿದೆ. ಅವಳು ತಲೆ ಆಡಿಸಿದಳು, ಆದರೆ ಕೂಸು ಹುಟ್ಟಿದ ಮೇಲೂ ಊರ ಕಡೆ ಹೋಗಲಿಲ್ಲ. ಪರೀಕ್ಷೆ ಅದ ಎಂದು ಮನೆಯವರಿಗೆ ಸುಳ್ಳು ಹೇಳಿದಳು. ನನ್ನ ಕೂಸಿನ ಮಾರಿ ನೋಡಾಕೂ ಬರಲಿಲ್ಲ ಎಂದು ಅಕ್ಕ ಮಾತು ಬಿಟ್ಟಳಂತೆ. ಒಂದು ರೋಗಾಣುವಿನ ದೆಸೆಯಿಂದ ಅಕ್ಕತಂಗಿಯರು ದೂರವಾಗಿದ್ದು ನನ್ನನ್ನು ಬಹಳ ಕಾಡಿತು.

ಎರಡನೇ ಸಲ ಮಾನ್ವಿಯಲ್ಲಿ ಎಲ್ಲ ಮೊದಲಿನಂತೆಯೇ ಇತ್ತು. ದೇವದುರ್ಗದಲ್ಲಿ ಮಾತ್ರ ಒಬ್ಬಳ ಗಂಟಲಲ್ಲೂ ರೋಗಾಣು ಇರಲಿಲ್ಲ! ನಾನು ಲ್ಯಾಬಿನಲ್ಲೇ ಕುಣಿದಾಡಿದೆ. ನನ್ನ ಮೇಲಿನ ಡಾಕ್ಟರು ವಾದಿರಾಜರು ಕನ್ನಡಕ ಒರೆಸುತ್ತ, "ಭಾಳ ಛಲೋ ಬಂದದ ಮಹತಿ. ಅದಕ್ಕ ನನಗ ಸಂಶಯ ಬರಾಕತ್ತದ" ಎಂದರು. ಗೆದ್ದರೂ ಸುಖಪಡದ ಪ್ರಾಣಿ ಎಂದು ಮನಸ್ಸಿನಲ್ಲೇ ಬೈದು ದೇವಿಕಾಗೆ ಫೋನ್ ಮಾಡಿದೆ. ನಿನ್ನ ಗಂಟಲಲ್ಲಿ ಏನೂ ಇಲ್ಲ ಎನ್ನುತ್ತಲೇ ಅವಳು ಕೂಗಿದ ಕೂಗಿಗೆ ನನ್ನ ಕಿವಿ ಗುಂಯ್ ಎಂದಿತು. ಬರುವ ಭಾನುವಾರವೇ ಕೂಸಿನ ತೊಟ್ಟಿಲ ಕಾರ್ಯವಿತ್ತು.

ಆ ಭಾನುವಾರ ಉಳಿದ ಹುಡುಗಿಯರಿಗೆ ಸಿಹಿ ಹಂಚಲೆಂದು ನಾನು ದೇವದುರ್ಗಕ್ಕೆ ಹೋದೆ. ವಾರ್ಡನ್ ನೇತ್ರಾವತಿ ನನ್ನನ್ನು ಊಟಕ್ಕೆ ಕೂಡಿಸಿ, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು.

"ನಿಮ್ಮ ಸಲುವಾಗಿ ಬ್ಯಾರೆ ಮಾಡೀನ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟಿಸಿಲ್ಲ."

"ಅಯ್ಯ, ನಾ ಎಲ್ಲಾ ತಿಂತೀನ್ರಿ. ನಮ್ಮತ್ತಿ ವಿಜಯಾಬಾಯಿಗೆ ಗೊತ್ತಾಗಬಾರದು, ಅಷ್ಟ" ಎಂದು ನಕ್ಕೆ.

ನೇತ್ರಾವತಿ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನಿಂತರು. "ಹಂಗಾರ ಹುಡುಗ್ಯಾರ್ನ ಸುಮ್ಮ ಗೋಳು ಹೊಯ್ಕೊಂಡೆ ನೋಡ್ರಿ! ಮೊದಲನೇ ಸರ್ತಿ ನೀವು ಮೂಗು ಮುಚ್ಚಿ ಆ ಕಡಿ ತಿರುಗಿದ್ರಿ. ಹುಡುಗ್ಯಾರು ಮುಂಜಾನೆ ರೊಟ್ಟಿ ಜೋಡಿ ಹಸಿ ಉಳ್ಳಾಗಡ್ಡಿ ಕಡೀತಾವ. ಆಚಾರ್ ಮನಿ ಡಾಕ್ಟ್ರಿಗೆ ನಾತ ತಡಿಲಿಲ್ಲ ಅಂತ ನನಗ ನಾಚಿಕಿ ಆತು. ಅದಕ್ಕ ಈ ಸರ್ತಿ ನೀವು ಬರೂ ಮುಂಚೆ ಎಲ್ಲಾರಿಗೂ ಬಿಸಿನೀರಾಗ ಉಪ್ಪು, ಅರಿಶಿಣ, ಲವಂಗ ಹಾಕಿ, ಗಂಟಲ ಕೆಂಪಾಗೂ ತನಕ ಮುಕ್ಕಳಿಸಾಕ ಹಚ್ಚಿದೆ."

ಅಂದು ನಾನು ತಿರುಗಿದ್ದು ಸೀನಲಿಕ್ಕೆ. "ಏನೂ ತಿನ್ನಬ್ಯಾಡ್ರಿ, ಕುಡಿಯಬ್ಯಾಡ್ರಿ ಅಂತ ಹೇಳಿ ಕಳಿಸಿದ್ನಲ್ರೀ?" ಎಂದೆ.

"ತಿಂದಿಲ್ರೀ, ಕುಡದಿಲ್ರೀ. ಉಗುಳ್ಯಾರ."

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗಲಿ? ಪಾಪ, ನನ್ನ ಮರ್ಯಾದೆಗೆಂದು ಮಾಡಿದ್ದು. ಅಷ್ಟು ಮುಕ್ಕಳಿಸಿದ ಗಂಟಲಲ್ಲಿ ಕಡ್ಡಿಗೆ ಏನೂ ಹತ್ತದಿದ್ದರೆ ಅದು ಲಸಿಕೆಯ ಕೆಲಸವೋ ಲವಂಗದ ಕೆಲಸವೋ ಹೇಳುವುದು ಹೇಗೆ? ಅಷ್ಟರಲ್ಲಿ ದೇವಿಕಾ ನೆನಪಾದಳು. ಬೆಳಗಿನ ಬಸ್ಸಿಗೇ ಹೋಗಿದ್ದಳು. ಫೋನ್ ಎತ್ತಲಿಲ್ಲ. ಕೈ ತೊಳೆದವಳೇ ಜೀಪು ಹತ್ತಿ ಅರಕೇರಾಕ್ಕೆ ಓಡಿದೆ.

ಅಂಗಳದ ತುಂಬ ಹೆಂಗಸರಿದ್ದರು. ಕೂಸು ಯಶೋದಾಳ ತೊಡೆಯ ಮೇಲಿತ್ತು. ದೇವಿಕಾ ತಾನು ಹೆಣೆದ ಟೊಪ್ಪಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುನಿಸಿಕೊಂಡ ಅಕ್ಕ ಇನ್ನೂ ಕೂಸನ್ನು ಕೊಟ್ಟಿರಲಿಲ್ಲ. ನಾನು ದೇವಿಕಾಳನ್ನು ಪಕ್ಕಕ್ಕೆ ಕರೆದು, ನಾ ಹೇಳಿದ ಮಾತು ನಂಬುವ ಹಾಗಿಲ್ಲ, ಇನ್ನೊಮ್ಮೆ ನೋಡಬೇಕು ಎಂದೆ. ಅವಳು ಅಲ್ಲೇ ಜೋರಾಗಿ ಅತ್ತುಬಿಟ್ಟಳು. ಮನೆಯವರು ಓಡಿ ಬಂದರು. ಅಳುತ್ತಲೇ ಎಲ್ಲವನ್ನೂ ಅವಳೇ ಹೇಳಿದಳು.

ಯಶೋದಾ ತಂಗಿಯನ್ನು ದಿಟ್ಟಿಸಿದಳು. "ಇದಕ್ಕ ಬರಲಿಲ್ಲೇನ ನೀ? ನನಗ ಒಂದ ಮಾತು ಹೇಳಬಾರದಾ?" ಎಂದವಳಿಗೂ ಅಳು ಬಂತು.

ಅವರ ತಾಯಿ ಬೂದೆಮ್ಮ ಮಾತ್ರ ಅಳಲಿಲ್ಲ. "ಯವ್ವಾ, ಆ ಹುಳ ಹುಡುಗ್ಯಾರ ಬಾಯಾಗ ಅಷ್ಟ ಇರತದೇನು?" ಎಂದು ನನ್ನನ್ನು ಕೇಳಿದಳು.

"ಇಲ್ಲಬೇ, ಅವರಾಗ ಜಾಸ್ತಿ. ಆದ್ರ ಯಾರ ಬಾಯಾಗರ ಇರಬಹುದು."

"ಹಂಗಾರ ಈಕಿ ಒಬ್ಬಾಕೀನ ಯಾಕ ಹಿಡದೀರಿ? ನಮ್ದೂ ನೋಡು" ಎಂದು ಬಾಯಿ ಆ ಮಾಡಿದಳು.

ಅವರ ಗಂಟಲು ನನ್ನ ಅಧ್ಯಯನಕ್ಕೆ ಸೇರಿದ್ದಲ್ಲ. ಆದರೂ ಚೀಲದಲ್ಲಿ ಕಡ್ಡಿಗಳಿದ್ದವು, ನನಗೂ ಕುತೂಹಲ ತಡೆಯಲಿಲ್ಲ. ಬೂದೆಮ್ಮ, ತಂಬಾಕು ಉಗುಳಿ ಬಂದ ಅವಳ ಗಂಡ ಗದ್ದೆಪ್ಪ, ಯಶೋದಾ, ದೇವಿಕಾ, ಎಲ್ಲರ ಗಂಟಲನ್ನೂ ಒರೆಸಿಕೊಂಡೆ. ತೊಟ್ಟಿಲ ಕಾರ್ಯ ಮುಗಿಯುವವರೆಗೂ ದೇವಿಕಾ ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.

ವಾರದೊಳಗೆ ಫಲಿತಾಂಶ ಬಂತು. ಗದ್ದೆಪ್ಪ, ಬೂದೆಮ್ಮರಲ್ಲಿ ಇಲ್ಲ. ಈ ಸಲ ಲವಂಗ ಕಾಣದ ದೇವಿಕಾಳ ಗಂಟಲಲ್ಲೂ ಇಲ್ಲ. ಲಸಿಕೆ ಓಡಿಸಿತೋ, ಅದೇ ಎದ್ದು ಹೋಯಿತೋ, ಒಬ್ಬಳನ್ನು ನೋಡಿ ಹೇಳಲಾಗದು. ಹಾಸ್ಟೆಲಿನ ಎಲ್ಲರನ್ನೂ ಮತ್ತೆ ನೋಡಬೇಕು. ರೋಗಾಣು ಇದ್ದದ್ದು ಯಶೋದಾಳ ಗಂಟಲಲ್ಲಿ.

ಫೋನ್ ಎತ್ತಿದವಳು ದೇವಿಕಾ. ರಜೆಗೆ ಮನೆಯಲ್ಲೇ, ಕೂಸಿನಿಂದ ದೂರ ಇದ್ದಳು. ನಿನ್ನಲ್ಲಿ ಏನೂ ಇಲ್ಲ, ಅಕ್ಕನಿಗೆ ಫೋನ್ ಕೊಡು ಎಂದೆ. ಅವಳು ಕೊಡಲಿಲ್ಲ.

"ಅಕ್ಕನ ಬಾಯಾಗ ಅದ ಏನ್ರಿ?"

"ಅಕ್ಕಗ ಕೊಡವಾ, ಆಕಿಗೇ ಹೇಳ್ತೀನಿ" ಎಂದೆ.

"ಮೇಡಂ, ಕೈ ಮುಗೀತೀನಿ. ಅದು ನಂದ ಅಂತ ಹೇಳ್ರಿ. ಹೋದ ಕೂಸಿಗೂ ತಾನ ಕೊಟ್ಟೆ ಅಂದ್ಕೊಂಡು ಆಕಿ ಸತ್ತ ಹೋಗತಾಳ್ರಿ."

ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಯಶೋದಾ ಫೋನಿಗೆ ಬಂದಳು. ರೋಗಾಣು ನಿನ್ನ ಗಂಟಲಲ್ಲಿದೆ, ಆದರೆ ಕೂಸಿಗೆ ಹಾಲು ನಿಲ್ಲಿಸಬೇಡ, ಮಾತ್ರೆಯಿಂದ ಇದು ಹೋಗುತ್ತದೆ, ನಾಳೆ ನಾನೇ ತರುತ್ತೇನೆ ಎಂದೆ.

"ಮೊದಲನೇ ಕೂಸಿಗೆ ನಾನ ಕೊಟ್ಟೆನೇನ್ರಿ?"

"ಈಗಿಂದು ಈಗ ಬಂದದ್ದಿರಬಹುದವಾ. ಅವಾಗ ಯಾರ ಕಡಿಂದ ಬಂತೋ ಯಾರಿಗೂ ಗೊತ್ತಿಲ್ಲ, ಗೊತ್ತಾಗೂದೂ ಇಲ್ಲ" ಎಂದೆ. ಅದು ನಿಜ. ಆದರೆ ಅಷ್ಟು ಬಡ ನಿಜವನ್ನು ನಾನು ಯಾರಿಗೂ ಹೇಳಿದ್ದಿಲ್ಲ.

ಯಶೋದಾ ಬಿಕ್ಕಿದಳು. ಕೂಸು ಅಳತೊಡಗಿತು. ಅದರ ನಡುವೆ ದೇವಿಕಾಳ ದನಿ ಕೇಳಿಸಿತು.

"ತಾ ಅಕ್ಕಾ, ನೀ ಅತ್ತು ಮುಗಸೂ ತನಕ ನಾ ಎತ್ಗೋತೀನಿ."