ಗುಡ್ಡದ ಮೇಲೆ ನಡೆದ ಸೆಮಿನರಿ

ಮೊದಲೆಲ್ಲ ದೋಣಿ ಕಂಡರೆ ನಮ್ಮ ದ್ವೀಪದ ವೈನಿಕೋರೊ ಊರಿಗೆ ಊರೇ ದಡಕ್ಕೆ ಓಡುತ್ತಿತ್ತು. ಕೊರೋನಾ ಬಂದ ಆ ವರ್ಷ ದೋಣಿ ಕಂಡರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು.

ಹಾಗೆ ಬಂದ ಒಂದು ದೋಣಿಯಲ್ಲಿ ಸೆಫನಾಯ ಮತ್ತು ಅವನ ಹೆಂಡತಿ ಲಾವೇನಿಯ ಇದ್ದರು. ಪಾದ್ರಿಯಾಗಬೇಕೆಂದು ಸೆಫನಾಯ ನಮ್ಮ ರಾಜಧಾನಿ ಸುವಾ ಕಡೆಯ ರರಾಮ ಸೆಮಿನರಿಯಲ್ಲಿ ಓದುತ್ತಿದ್ದ. ಅಲ್ಲಿ ವಿದ್ಯಾರ್ಥಿಗಳು ಸಂಸಾರ ಸಮೇತ ಇರುತ್ತಾರೆ. ತಮ್ಮ ಮರಗೆಣಸನ್ನು ತಾವೇ ಬೆಳೆದುಕೊಳ್ಳುತ್ತಾರೆ, ಬೆಳಿಗ್ಗೆ ಮರದ ನಗಾರಿ ಬಾರಿಸಿದರೆ ಒಟ್ಟಿಗೆ ಮಂಡಿಯೂರುತ್ತಾರೆ. ರೋಗ ಸುವಾಗೆ ಕಾಲಿಟ್ಟಾಗ ಸೆಮಿನರಿ ಬಾಗಿಲು ಹಾಕಿ, ಎಲ್ಲರಿಗೂ ಪರೀಕ್ಷೆ ಮಾಡಿಸಿ, ಅವರವರ ದ್ವೀಪಕ್ಕೆ ಕಳಿಸಿಕೊಟ್ಟಿತು.

ಊರಿಗೆ ಬಂದರೂ ಇಬ್ಬರೂ ನೇರ ಮನೆಗೆ ಹೋಗಲಿಲ್ಲ. ಎರಡು ವಾರ ಊರಾಚೆಯ ಶಾಲೆಯ ಕೋಣೆಯಲ್ಲೇ ಉಳಿದರು. ಲಾವೇನಿಯಳ ಅಪ್ಪ ಕಿತಿಯೋನೆ ದಿನಾ ಬೇಯಿಸಿದ ಕೆಸುವಿನ ಗೆಡ್ಡೆ ತಂದು ಬಾಗಿಲ ಹೊರಗಿಟ್ಟು, ತೆಂಗಿನಮರದ ಬುಡದಲ್ಲಿ ನಿಂತು ಮಾತಾಡುತ್ತಿದ್ದ. ಕಿತಿಯೋನೆ ನಮ್ಮ ಚರ್ಚಿನ ಹಿರಿಯ ಬೋಧಕ. ಮದುವೆಯಿರಲಿ ಮಣ್ಣಿರಲಿ, ಅವನ ಪ್ರಾರ್ಥನೆ ಇಲ್ಲದೆ ನಡೆಯುತ್ತಿರಲಿಲ್ಲ. ಊರಿಗೆಲ್ಲ ಅವನ ಮಾತೇ ಮಾತು.

"ಏನಪ್ಪಾ ಅಳಿಯ, ಸೆಮಿನರಿ ಮುಚ್ಚೋಯ್ತಂತೆ? ಇನ್ಮೇಲೆ ನೀನು ಅರ್ಧ ಪಾದ್ರಿ ಅನ್ನು."

ಮಾವನ ಎದುರು ಅಳಿಯ ದನಿಯೆತ್ತಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಸೆಫನಾಯ ತಲೆ ತಗ್ಗಿಸಿದ. ಲಾವೇನಿಯಳೇ ಕಿಟಕಿಯಿಂದ ಹೇಳಿದಳು:

"ಮುಚ್ಚಿಲ್ಲಪ್ಪ. ಪಾಠ ಫೋನಲ್ಲಿ ಬರುತ್ತಂತೆ."

"ಫೋನಲ್ಲಾ!" ಕಿತಿಯೋನೆ ತೊಡೆ ತಟ್ಟಿ ನಕ್ಕ. "ಫೋನಲ್ಲಿ ಮರಗೆಣಸು ಬೇಯುತ್ತೇನೇ? ಪಾದ್ರಿ ಆಗೋದು ಅಂದ್ರೆ ಒಟ್ಟಿಗೆ ಉಣ್ಣಬೇಕು, ಒಟ್ಟಿಗೆ ಅಳಬೇಕು. ಅದನ್ನ ತಂತೀಲಿ ಕಳಿಸ್ತಾರಂತೆ!"

ನಮ್ಮೂರಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಚರ್ಚಿನ ಹಿಂದಿನ ಗುಡ್ಡದ ಮೇಲೆ, ದೀವಿಹಲಸಿನ ಮರದ ಕೆಳಗೆ. ಶಾಲೆಯ ಕೋಣೆಯ ವಾಸ ಮುಗಿದ ಮೇಲೆ ಗಂಡ ಹೆಂಡತಿ ಬೆಳಿಗ್ಗೆ ಅಲ್ಲಿಗೆ ಹತ್ತತೊಡಗಿದರು. ಮೊದಲ ಪಾಠ ಪಾಠದಂತೆಯೇ ಇರಲಿಲ್ಲ. ಸೆಮಿನರಿಯ ಪ್ರಾಂಶುಪಾಲ ವಿಲಿಸೋನಿ ಪಾದ್ರಿಗೆ ವಯಸ್ಸಾಗಿತ್ತು, ಫೋನಿನ ಅಭ್ಯಾಸವಿರಲಿಲ್ಲ. ಪರದೆಯ ತುಂಬ ಅವರ ಹಣೆಯೊಂದೇ ಕಾಣುತ್ತಿತ್ತು. ಒಂದು ದ್ವೀಪದಿಂದ ಕೋಳಿ ಕೂಗಿತು, ಇನ್ನೊಂದರಿಂದ ಮಗು ಅತ್ತಿತು, ಅರ್ಧ ಜನರ ದನಿ ನೀರಲ್ಲಿ ಮುಳುಗಿದಂತೆ ಕೇಳಿಸಿತು.

ಆದರೆ ವಿಲಿಸೋನಿ ಪಾದ್ರಿ ಸೋಲುವವರಲ್ಲ. ಚಿತ್ರ ಬಿಟ್ಟು ಬರೀ ದನಿ ಕಳಿಸತೊಡಗಿದರು. ಸಿಗ್ನಲ್ ಸಿಗದ ದ್ವೀಪಗಳಿಗೆ ಪಾಠವನ್ನು ರೇಡಿಯೊದವರಿಗೆ ಕೊಟ್ಟರು. ಉದ್ದುದ್ದ ಉಪನ್ಯಾಸ ಕತ್ತರಿಸಿ, ಒಂದು ಕಥೆ, ಒಂದು ಪ್ರಶ್ನೆ, ಆಮೇಲೆ ಮಾತುಕತೆ ಎಂದು ಮಾಡಿಕೊಂಡರು. ವಾರ ಕಳೆದಂತೆ ಪಾಠ ಕುದುರಿತು.

ಒಂದು ದಿನ ಅವರು ಯೇಸು ಕುಷ್ಠರೋಗಿಯನ್ನು ಮುಟ್ಟಿದ ಕಥೆ ಹೇಳುತ್ತಿದ್ದರು. ಗಂಡನ ಪಕ್ಕ ಚಾಪೆ ಹೆಣೆಯುತ್ತ ಕೂತಿದ್ದ ಲಾವೇನಿಯ ಥಟ್ಟನೆ ಕೇಳಿದಳು:

"ಅಲ್ಲ ಪಾದ್ರಿಗಳೇ, ಯೇಸು ಮುಟ್ಟಿದ್ರು. ನಾವು ಮುಟ್ಟಬೇಡಿ ಅಂತಿದೀವಲ್ಲ. ನಾವೀಗ ಪ್ರೀತಿ ತೋರಿಸೋದು ಹೆಂಗೆ?"

ಅತ್ತ ಕಡೆಯಿಂದ ವಿಲಿಸೋನಿ ಪಾದ್ರಿ ಕೇಳಿದರು: "ಯಾರದು ಮಾತಾಡಿದ್ದು?"

"ನಾನು... ಸೆಫನಾಯನ ಹೆಂಡತಿ. ಬಾಯ್ತಪ್ಪಿ ಬಂತು."

"ಬಾಯ್ತಪ್ಪಿ ಇಂಥ ಪ್ರಶ್ನೆ ಬರೋದಾದ್ರೆ ದಿನಾ ತಪ್ಪಲಿ ತಾಯಿ! ನಮ್ಮ ಸೆಮಿನರೀಲೇ ಇಷ್ಟು ವರ್ಷ ಇದ್ದು ಯಾಕೆ ಕೇಳ್ಲಿಲ್ಲ?"

"ನಾನು ತೋಟದಲ್ಲಿ ಕಳೆ ಕೀಳ್ತಿದ್ದೆ ಪಾದ್ರಿಗಳೇ. ಪಾಠದ ಮನೆಯೊಳಗೆ ಬರೋದು ಗಂಡಸರು."

ವಿಲಿಸೋನಿ ಪಾದ್ರಿ ಆ ಮಾತನ್ನು ಮರೆಯಲಿಲ್ಲ. ಮರುವಾರ ರರಾಮ ಸೆಮಿನರಿ, ಪಾಠಕ್ಕೆ ಇನ್ನು ಯಾರು ಬೇಕಾದರೂ ಕೂತು ಕಲಿಯಬಹುದು ಎಂದಿತು. ವಿದ್ಯಾರ್ಥಿಗಳ ಹೆಂಡತಿಯರು, ಮೀನು ಹಿಡಿಯುವವರು, ಭಾನುವಾರದ ಶಾಲೆಯ ಟೀಚರಮ್ಮಂದಿರು ಎಲ್ಲ ಸೇರಿದರು. ನಮ್ಮ ದೀವಿಹಲಸಿನ ನೆರಳು ಸಾಲದೆ ಹೆಂಗಸರು ಒಬ್ಬರಿಂದೊಬ್ಬರು ದೂರ ದೂರ ಚಾಪೆ ಹಾಸಿಕೊಂಡು ಬಿಸಿಲಲ್ಲೇ ಕೂರುತ್ತಿದ್ದರು.

ಆಗ ದ್ವೀಪಗಳಿಗೆ ಲಸಿಕೆ ಬರುವ ಸುದ್ದಿ ಬಂತು. ವಿಲಿಸೋನಿ ಪಾದ್ರಿ ಹೊಸ ಪಾಠವೊಂದನ್ನು ಸೇರಿಸಿದರು. "ಊರಲ್ಲಿ ಜನ ನರ್ಸನ್ನ ಕೇಳೋಕೆ ಮೊದಲು ನಿಮ್ಮನ್ನ ಕೇಳ್ತಾರೆ. ನಿಮಗೇ ಗೊತ್ತಿಲ್ಲ ಅಂದ್ರೆ?" ಎಂದು ಹೇಳಿ, ನರ್ಸ್ ಒಬ್ಬರಿಂದ ಪಾಠ ಮಾಡಿಸಿದರು. ಕೊನೆಗೆ ಒಂದು ಕೆಲಸ ಕೊಟ್ಟರು. "ಲಸಿಕೆ ಬೇಡ ಅನ್ನೋ ಒಬ್ಬರ ಹತ್ರ ಹೋಗಿ. ವಾದ ಮಾಡ್ಬೇಡಿ. ಅವರ ಭಯ ಏನು ಅಂತ ಕೇಳಿ ಬನ್ನಿ."

ಲಾವೇನಿಯ ದೂರ ಹೋಗಬೇಕಾಗಿರಲಿಲ್ಲ, ಅವಳ ಅಪ್ಪನೇ ಬೇಡ ಅನ್ನುತ್ತಿದ್ದ.

ಲಸಿಕೆಯ ದೋಣಿಯಲ್ಲಿ ಬಂದವಳು ನರ್ಸ್ ಮೆರೆವಾಲೇಸಿ. ಅವಳ ಊರಿಗೂ ನಮ್ಮೂರಿಗೂ ಹಿಂದಿನಿಂದ ಹಾಸ್ಯದ ನಂಟು. ಏನು ಬೈದರೂ ಯಾರೂ ಕೋಪಿಸಿಕೊಳ್ಳುವಂತಿಲ್ಲ.

"ಬಂದ್ಲು ನೋಡಿ ಏಡಿ ಕಳ್ಳಿ!" ಎಂದು ಕಿತಿಯೋನೆ ದಡದಿಂದಲೇ ಕೂಗಿದ.

"ಬಾಯಿ ಮುಚ್ಚಿ ತೋಳು ತೋರಿಸೋ ಮುದಿ ಆಮೆ!" ಎಂದಳು ಮೆರೆವಾಲೇಸಿ. ಎಲ್ಲರೂ ನಕ್ಕರು. ಆದರೆ ಕಿತಿಯೋನೆ ತೋಳು ತೋರಿಸಲಿಲ್ಲ. "ನನಗೆ ನಂಬಿಕೆ ಇದೆ. ಅದೇ ಸಾಕು" ಎಂದು ಹೊರಟುಹೋದ. ಅವನು ಹೋದದ್ದೇ ತಡ, ಸಾಲಿನಲ್ಲಿದ್ದ ಮುಕ್ಕಾಲು ಜನ ಅವನ ಹಿಂದೆ ಹೊರಟರು. ಸೆಫನಾಯ, ಲಾವೇನಿಯ ಮತ್ತು ಕೆಲವರು ಮಾತ್ರ ಲಸಿಕೆ ಹಾಕಿಸಿಕೊಂಡರು. ಮೆರೆವಾಲೇಸಿ ಬೇಸರದಿಂದ ಪೆಟ್ಟಿಗೆ ಮುಚ್ಚಿ, ಮುಂದಿನ ಊರಿಗೆ ಹೋದಳು.

ಮುಂದಿನ ವಾರವೇ ಸುವಾದಿಂದ ಸುದ್ದಿ ಬಂತು. ಕಿತಿಯೋನೆಯ ತಮ್ಮ ಎರೋನಿ ಅಲ್ಲಿ ಬಂದರಿನಲ್ಲಿ ಕೆಲಸಕ್ಕಿದ್ದ. ಕೊರೋನಾ ಬಂದು ಆಸ್ಪತ್ರೆ ಸೇರಿದ, ಉಳಿಯಲಿಲ್ಲ.

ಊರಿನ ಎಲ್ಲರ ಮಣ್ಣಿಗೂ ನಿಂತ ಕಿತಿಯೋನೆ ತನ್ನ ತಮ್ಮನ ಮಣ್ಣಿಗೆ ಹೋಗುವಂತಿರಲಿಲ್ಲ. ದೋಣಿ ಇಲ್ಲ, ಅಪ್ಪಣೆ ಇಲ್ಲ. ಅವನು ಮನೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಯಾರು ಕರೆದರೂ ಏಳಲಿಲ್ಲ.

ಲಾವೇನಿಯ ಗುಡ್ಡ ಹತ್ತಿ ವಿಲಿಸೋನಿ ಪಾದ್ರಿಗೆ ಫೋನ್ ಮಾಡಿದಳು. "ಚಿಕ್ಕಪ್ಪನ ಹತ್ರ ನಮ್ಮೋರು ಒಬ್ರೂ ಇಲ್ಲ ಪಾದ್ರಿಗಳೇ."

"ಮಣ್ಣಿಗೆ ನಾನು ಹೋಗ್ತೀನಿ. ದೂರದಲ್ಲಿ ನಿಲ್ಲೋಕೆ ಬಿಡ್ತಾರೆ. ನಿಮ್ಮಪ್ಪನ್ನ ಗುಡ್ಡಕ್ಕೆ ಕರ್ಕೊಂಡ್ ಬಾ."

ಸೆಫನಾಯ ಮಾವನ ಎದುರು ಮೊದಲ ಸಲ ತಲೆಯೆತ್ತಿ ನಿಂತ. "ಏಳಿ ಮಾವ, ಚಿಕ್ಕಮಾವ ಕಾಯ್ತಿದಾರೆ." ಕೈ ಹಿಡಿದು ಮೇಲಕ್ಕೆ ನಡೆಸಿದ. ಊರು ದೂರ ದೂರದಿಂದಲೇ ಹಿಂಬಾಲಿಸಿತು.

ಫೋನಿನಲ್ಲಿ ಗುದ್ದಲಿಯ ಸದ್ದು ಕೇಳುತ್ತಿತ್ತು. ವಿಲಿಸೋನಿ ಪಾದ್ರಿ ಹೇಳಿದರು: "ಕಿತಿಯೋನೆ, ನಾನು ಎರೋನಿ ಕಾಣೋ ಕಡೆ ನಿಂತಿದೀನಿ. ಪ್ರಾರ್ಥನೆ ನನ್ನದಲ್ಲ, ನಿನ್ನದು. ಫೋನ್ ದನಿ ಜೋರಾಗಿ ಇಟ್ಟಿದೀನಿ. ಹೇಳು."

ಕಿತಿಯೋನೆಯ ದನಿ ಮೊದಲು ಒಡೆಯಿತು. ಆಮೇಲೆ ಗಟ್ಟಿಯಾಯಿತು. ತಮ್ಮನ ಹೆಸರು ಹಿಡಿದು, ಅವನು ಈಜು ಕಲಿತ ಕೊಲ್ಲಿ ನೆನೆದು, ಅವನನ್ನು ದೇವರಿಗೆ ಒಪ್ಪಿಸಿದ. ಕೊನೆಗೆ ಸುತ್ತ ನಿಂತಿದ್ದ ನಾವು ಹಾಡಿದೆವು. ಅತ್ತ ಕಡೆ ಮಣ್ಣು ಹಾಕುತ್ತಿದ್ದವರೂ ಹಾಡಿಗೆ ದನಿ ಸೇರಿಸಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಜನ ಇಳಿದುಹೋದರೂ ಕಿತಿಯೋನೆ ಅಲ್ಲೇ ಕೂತಿದ್ದ. ಲಾವೇನಿಯ ಹೋಗಿ ಪಕ್ಕದಲ್ಲಿ ಕೂತಳು.

"ಹೋದ ತಿಂಗಳು ಎರೋನಿ ಫೋನ್ ಮಾಡಿದ್ದ" ಎಂದ ಅವನು. "ಅಣ್ಣ, ಲಸಿಕೆ ಹಾಕ್ತಿದಾರೆ, ಹಾಕಿಸ್ಕೊಳ್ಳಲಾ ಅಂತ ಕೇಳ್ದ. ತಡಿ ಅಂದೆ. ನನ್ನ ಮಾತು ಯಾವತ್ತೂ ಮೀರಿದವನಲ್ಲ ಕಣೇ ಅವನು."

"ಯಾಕಪ್ಪ ತಡಿ ಅಂದೆ?"

"ಹೆದರಿಕೆ. ಹಿಂದೆ ದಡಾರ ಹಡಗಲ್ಲಿ ಬಂದು ನಮ್ಮ ಜನ ಊರೂರೇ ಸತ್ತಿದ್ರು. ಅದನ್ನ ನಮ್ಮಜ್ಜಿ ಹೇಳ್ತಿದ್ರೆ ನಾವು ಚಾಪೆ ಕೆಳಗೆ ಅವಿತ್ಕೋತಿದ್ವಿ. ಹೊರಗಿಂದ ರೋಗಾನೂ ಬಂತು, ಈಗ ಹೊರಗಿಂದ ಸೂಜೀನೂ ಬಂತು. ಎರಡೂ ಒಂದೇ ಅನ್ನಿಸ್ತು."

ಮೆರೆವಾಲೇಸಿಯ ದೋಣಿ ವಾಪಸು ಬಂದಾಗ ಲಾವೇನಿಯ ಅವಳನ್ನು ಮನೆಗೆ ಕರೆತಂದಳು. ಆ ದಿನ ಅವಳೂ ಕಿತಿಯೋನೆಯೂ ಬೈದಾಡಿಕೊಳ್ಳಲಿಲ್ಲ. ಅವಳು ಬಾಗಿಲ ಹೊರಗೆ, ಅವನು ಒಳಗೆ.

"ದಡಾರ ಬಂದಾಗ ನಮ್ಮ ಹತ್ರ ಏನೂ ಇರ್ಲಿಲ್ಲ ಅಣ್ಣ" ಎಂದಳು ಅವಳು. "ಈಗ ದಡಾರಕ್ಕೆ ಲಸಿಕೆ ಇದೆ. ನಿನ್ನ ಮೊಮ್ಮಕ್ಕಳನ್ನ ನೀನೇ ಹೆಗಲ ಮೇಲೆ ಕೂರಿಸ್ಕೊಂಡು ತಂದು ಹಾಕಿಸಿದೀಯ. ಒಂದು ಮಗೂನೂ ದಡಾರಕ್ಕೆ ಕಳ್ಕೊಂಡಿಲ್ವಲ್ಲ ನೀನು?"

ಕಿತಿಯೋನೆ ಹೌದೆಂದು ತಲೆಯಾಡಿಸಿದ. ಆಮೇಲೆ ಕೇಳಿದ: "ಹಾಕಿಸ್ಕೊಂಡಿದ್ರೆ ಎರೋನಿ ಬದುಕ್ತಿದ್ನಾ?"

"ಖಂಡಿತ ಅಂತ ಸುಳ್ಳು ಹೇಳಲ್ಲ. ಲಸಿಕೆ ಹಾಕಿಸ್ಕೊಂಡ್ರೂ ಕೆಲವರಿಗೆ ಜ್ವರ ಬರುತ್ತೆ. ಆದ್ರೆ ಆಸ್ಪತ್ರೆ ಸೇರೋದು, ಸಾಯೋದು ತುಂಬಾ ಕಮ್ಮಿ. ಬದುಕೋ ದಾರಿ ಅಗಲ ಆಗುತ್ತೆ. ಸೂಜಿ ಆದ್ಮೇಲೆ ತೋಳು ನೋಯುತ್ತೆ, ಒಂದೆರಡು ದಿನ ಮೈ ಬಿಸಿ ಇರಬಹುದು. ಹಳೇ ಕಾಯಿಲೆ ಇದ್ರೆ ಮೊದಲೇ ಹೇಳು, ನೋಡಿ ಹಾಕ್ತೀವಿ."

"ನಂಬಿಕೆ ಕಮ್ಮಿ ಆಯ್ತು ಅಂತ ದೇವರು ಅನ್ಕೊಂಡ್ರೆ?"

"ಗಾಳಿ ಬಂದಾಗ ನೀನು ದೋಣೀನ ಕಟ್ಟಿಡ್ತೀಯೋ, ಪ್ರಾರ್ಥನೆ ಮಾಡ್ತೀಯೋ?"

"ಎರಡೂ ಮಾಡ್ತೀನಿ."

"ಇದೂ ಹಂಗೇ."

ಭಾನುವಾರ ಚರ್ಚಿನ ಅಂಗಳದಲ್ಲಿ ಕಿತಿಯೋನೆ ಜನರೆದುರು ನಿಂತ. ತಮ್ಮ ಕೇಳಿದ್ದನ್ನೂ ತಾನು ಅಂದದ್ದನ್ನೂ ಮುಚ್ಚಿಡದೆ ಹೇಳಿದ. "ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿರೋನ ಥರ ಮಾತಾಡಿದೆ. ನನ್ನ ನಂಬಿ ನೀವೂ ಆವತ್ತು ಎದ್ದುಹೋದ್ರಿ. ಇವತ್ತು ನನ್ನ ನಂಬಿ ಬನ್ನಿ ಅನ್ನಲ್ಲ. ಆ ನರ್ಸ್ ಹೆಣ್ಮಗಳನ್ನ ಕೇಳಿ, ನಿಮಗೆ ಸರಿ ಅನ್ನಿಸಿದ್ರೆ ಬನ್ನಿ. ನಾನಂತೂ ಹೋಗ್ತಿದೀನಿ." ಅಂಗಿಯ ತೋಳು ಮೇಲೆ ಸರಿಸಿ ಹೋಗಿ ಕೂತ.

ಸಾಲು ಚರ್ಚಿನ ಬಾಗಿಲಿಂದ ದಡದವರೆಗೆ ಬೆಳೆಯಿತು. ಒಬ್ಬ ಅಜ್ಜಿ ಪ್ರಶ್ನೆ ಕೇಳಿ ಕೇಳಿ ಮೆರೆವಾಲೇಸಿಯ ತಲೆ ತಿಂದಳು. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆಯೇ ತೋಳು ಕೊಟ್ಟಳು. ಸಂಜೆ ಎಲ್ಲರೂ ಸೇರಿ ಯಾಂಗೋನಾ ಬೇರಿನ ಪಾನೀಯ ಕುಡಿಯುವ ಕೂಟದಲ್ಲೂ ಕಿತಿಯೋನೆ ಹೊಸ ಕಟ್ಟಳೆ ತಂದ. ಒಂದೇ ತೆಂಗಿನ ಚಿಪ್ಪಿನಲ್ಲಿ ಎಲ್ಲರೂ ಕುಡಿಯುವುದು ಬೇಡ, ಅವರವರ ಲೋಟ ಅವರವರು ತರಬೇಕು.

ರೋಗ ಇಳಿದ ಮೇಲೆ ರರಾಮ ಸೆಮಿನರಿ ಮತ್ತೆ ಬಾಗಿಲು ತೆರೆಯಿತು. ಈಗ ಅಲ್ಲಿ ಮೊದಲಿಗಿಂತ ಹೆಚ್ಚು ಜನ. ದೂರದ ದ್ವೀಪದವರಿಗೆ ಫೋನಿನ ಪಾಠ, ರೇಡಿಯೊ ಪಾಠ ನಿಂತಿಲ್ಲ. ಆರೋಗ್ಯದ ಪಾಠ ಖಾಯಂ ಆಗಿದೆ. ಲಾವೇನಿಯ ಈಗ ಸೆಫನಾಯನ ಪಕ್ಕದ ಬೆಂಚಿನಲ್ಲಿ ತನ್ನ ಹೆಸರಿನಲ್ಲೇ ಓದುತ್ತಿದ್ದಾಳೆ. ಕಳೆ ಕೀಳುವ ಸರದಿ ಈಗ ಗಂಡಸರಿಗೂ ಬರುತ್ತದೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಲಸಿಕೆ ಬರುತ್ತದೆ, ನರ್ಸಮ್ಮ ಬರುತ್ತಾರೆ. ಭಯವಿದ್ದರೆ ನಾಚಬೇಡಿ, ಅವರೆದುರು ಕೂತು ಕೇಳಿ. ಸಾಂಕ್ರಾಮಿಕ ರೋಗವಿರುವಾಗ ಲೋಟ ಬೇರೆ ಇಟ್ಟುಕೊಳ್ಳಿ, ಕೈ ತೊಳೆಯಿರಿ, ಸ್ವಲ್ಪ ದೂರ ಕೂರಿ. ಶಾಲೆಯೋ ಸಂಘವೋ ಬಾಗಿಲು ಹಾಕಿದರೆ ಕಲಿಕೆ ಮುಗಿಯಿತು ಎನ್ನಬೇಡಿ, ಬೇರೆ ದಾರಿ ಹುಡುಕಿ, ಇದುವರೆಗೆ ಹೊರಗೆ ಉಳಿದವರನ್ನೂ ಜೊತೆಗೆ ಕರೆಯಿರಿ. ನಿಮ್ಮ ಮಾತನ್ನು ನಂಬಿ ನಡೆಯುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಅವರು ಏನಾದರೂ ಕೇಳಿದಾಗ ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಮೇಲೆ ಅವರ ಕೈ ಹಿಡಿದು, ಗೊತ್ತಿರುವವರ ಬಳಿಗೆ ನೀವೇ ಕರೆದುಕೊಂಡು ಹೋಗಿ. ಇವತ್ತೇ ಹೋಗಿ.