ತಾಯಿ-ಮಕ್ಕಳ ಹಾಡಿನ ಕ್ಲಾಸು

ಲತಾ ಹಾಡಿನ ಕ್ಲಾಸಿಗೆ ಸೇರಿದ್ದು ಮಗಳ ಹಟಕ್ಕೆ. ಅಪೂರ್ವಳಿಗೆ ಆಗ ಒಂಬತ್ತು ವರ್ಷ. ಉಲ್ಲಾಳದಲ್ಲಿ ಅವರ ಬೀದಿಯ ಮಕ್ಕಳೆಲ್ಲ ಶಾಲೆ ಬಿಟ್ಟ ಮೇಲೆ ಒಂದಲ್ಲ ಒಂದು ಕಡೆ ಹೋಗುತ್ತಿದ್ದರು: ಅಬಾಕಸ್, ಕರಾಟೆ, ಭರತನಾಟ್ಯ, ಚೆಸ್. ಅಪೂರ್ವಳನ್ನೂ ಅಬಾಕಸ್‌ಗೆ ಹಾಕಿದ್ದಾಯಿತು. ಕ್ಲಾಸಿನ ದಿನ ಬಂತೆಂದರೆ ಅವಳಿಗೆ ಹೊಟ್ಟೆನೋವು. ಡ್ಯಾನ್ಸಿಗೆ ಹಾಕಿದರೆ ಅಲ್ಲಿ ಕುಣಿಯುವುದು ಬಿಟ್ಟು ಹಾಡಲು ನಿಲ್ಲುತ್ತಿದ್ದಳು. ಎದ್ದಾಗಿನಿಂದ ಮಲಗುವವರೆಗೆ ಹಾಡುವ ಮಗು ಅದು. ಬಚ್ಚಲಲ್ಲಿ, ಮೆಟ್ಟಿಲ ಮೇಲೆ, ಅಪ್ಪನ ಸ್ಕೂಟರಿನ ಹಿಂದೆ ಕೂತು, ಗಂಟಲು ಬಿಟ್ಟು ಹಾಡುವಳು. ಶ್ರುತಿ ಎಲ್ಲೋ, ಅವಳೆಲ್ಲೋ. ಮನೆಯಲ್ಲಿ ಅದನ್ನು ಗಮನಿಸುವವರಿರಲಿಲ್ಲ. ಅಜ್ಜಿ ಚಿಕ್ಕಲಕ್ಷ್ಮಮ್ಮನವರಂತೂ ಅವರೆಕಾಯಿ ಬಿಡಿಸುತ್ತಾ, "ಇನ್ನೊಂದು ಹೇಳವ್ವ, ಇದು ಮುಗಿಯೋಗಂಟ ಹೇಳು" ಅನ್ನುತ್ತಿದ್ದರು.

ಅನ್ನಪೂರ್ಣೇಶ್ವರಿ ನಗರದಲ್ಲಿ ಸೀತಾ ಮೇಡಂ ಅನ್ನುವವರು ತಮ್ಮ ಮನೆಯ ಮಹಡಿಯಲ್ಲಿ ಶನಿವಾರ ಸಂಜೆ ಹಾಡು ಕಲಿಸುತ್ತಾರೆಂದು ಯಾರೋ ಹೇಳಿದರು. ಮೇಡಂ ಹೈಸ್ಕೂಲಿನಲ್ಲಿ ಸಂಗೀತದ ಟೀಚರಾಗಿದ್ದು ನಿವೃತ್ತರಾದವರು. ಅವರದೊಂದು ನಿಯಮವಿತ್ತು. ಮಗುವಿನ ಜೊತೆ ಅಮ್ಮನೋ ಅಪ್ಪನೋ ಕೂತು ತಾವೂ ಕಲಿಯಬೇಕು.

"ಮಕ್ಕಳನ್ನ ಇಲ್ಲಿ ಬಿಟ್ಟು ತರಕಾರಿಗೆ ಹೋಗೋ ಹಾಗಿಲ್ಲ," ಎಂದರು ಮೊದಲ ದಿನವೇ. "ಮನೇಲಿ ನೀವು ಹಾಡಿದ್ರೇನೇ ಅವರು ಹಾಡೋದು."

ಅಪೂರ್ವಳ ಅಪ್ಪ ಭೈರೇಶನಿಗೆ ಉಲ್ಲಾಳ ಮೇನ್ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ಶನಿವಾರ ಸಂಜೆ ಅವನು ಅಂಗಡಿ ಬಿಟ್ಟು ಅಲುಗಾಡುವಂತಿರಲಿಲ್ಲ. ಹಾಗಾಗಿ ಲತಾ ಕೂತಳು.

ಮೊದಮೊದಲು ಅವಳು ಸೆರಗು ಹೊದ್ದುಕೊಂಡು, ಗೋಡೆಗೊರಗಿ, ಕೇಳಿಸಿಯೂ ಕೇಳಿಸದ ಹಾಗೆ ಗುನುಗುತ್ತಿದ್ದಳು. ಒಂದು ದಿನ ಮೇಡಂ ಹಾಡುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಯಾರದು ಆ ದನಿ? ಗೋಡೆ ಹತ್ರ?"

"ನಮ್ಮಮ್ಮ ಮೇಡಂ!" ಎಂದು ಅಪೂರ್ವ ಎದ್ದುನಿಂತು ಕೂಗಿದಳು. ತನಗೇ ಬಹುಮಾನ ಬಂದಂತೆ ಅವಳ ಮುಖ ಅರಳಿತ್ತು.

ಮೇಡಂ ಲತಾಳನ್ನು ಮುಂದೆ ಕೂರಿಸಿಕೊಂಡು ಒಬ್ಬಳಿಂದಲೇ ಹಾಡಿಸಿದರು. "ಎಲ್ಲಿದ್ರಿ ಇಷ್ಟು ದಿನ?" ಎಂದರು ಮುಗಿದ ಮೇಲೆ. ಲತಾ ತಾವರೆಕೆರೆಯ ಆಚೆಯ ಹಳ್ಳಿಯಲ್ಲಿ ಹುಟ್ಟಿ, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಂದವಳು. ತನ್ನಲ್ಲಿ ಇಂಥದ್ದೊಂದು ಇದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಮಗೂನ ಸೇರ್ಸೋಕೆ ಹೋಗಿ ನೀನೇ ಸೇರ್ಕೊಂಡ್ಯಾ?" ಎಂದು ಭೈರೇಶ ನಕ್ಕ. ಬೇಡವೆನ್ನಲಿಲ್ಲ.

ಆಮೇಲಿನ ತಿಂಗಳುಗಳು ಚೆನ್ನಾಗಿದ್ದವು. ಅಪೂರ್ವ ಓದುವುದು ಇಂಗ್ಲಿಷ್ ಮೀಡಿಯಂ. ಕನ್ನಡದ ಒತ್ತಕ್ಷರ ಬಂದರೆ ತಡವರಿಸುತ್ತಿದ್ದಳು. ಲತಾ ಒಂದೊಂದೇ ಪದ ಬಿಡಿಸಿ ಹೇಳಿಕೊಡುವಳು. ಲತಾ ಎಲ್ಲಾದರೂ 'ಹಾಡು' ಅನ್ನುವುದನ್ನು 'ಆಡು' ಅಂದರೆ ಅಪೂರ್ವ ಮೇಡಂ ಥರವೇ ಬೆರಳೆತ್ತಿ ತಿದ್ದುವಳು. ಇಬ್ಬರೂ ಬಿದ್ದುಬಿದ್ದು ನಗುವರು. ಕ್ಲಾಸು ಮುಗಿಸಿ ಸ್ಕೂಟಿಯಲ್ಲಿ ಬರುವಾಗ ಟ್ರಾಫಿಕ್ಕಿನಲ್ಲಿ ನಿಂತಲ್ಲೆಲ್ಲ ಹಾಡುವರು. ಪಕ್ಕದ ಆಟೋದವರು ತಿರುಗಿ ನೋಡಿದರೆ ಅಪೂರ್ವ ಇನ್ನೂ ಜೋರು ಮಾಡುವಳು.

ವರ್ಷದ ಕೊನೆಗೆ ರಾಜಾಜಿನಗರದ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ ಗೊತ್ತಾಯಿತು. ಮೇಡಂ ತಾವೇ ರಾಗ ಹಾಕಿದ್ದ ಒಂದು ಜೋಗುಳವನ್ನು ಲತಾ ಹಾಡಬೇಕು, ಹಿಂದೆ ಮಕ್ಕಳು ನಿಂತು ಪಲ್ಲವಿಗೆ ದನಿಗೂಡಿಸಬೇಕು. ಮಗಳು ಅಭ್ಯಾಸ ಮಾಡಿದಷ್ಟು ತಾಯಿಯೂ ಮಾಡಲಿಲ್ಲ. ಕನ್ನಡಿ ಮುಂದೆ ನಿಂತು ಪಲ್ಲವಿ ಹಾಡಿ ಹಾಡಿ ಅಪೂರ್ವಳ ಗಂಟಲು ಕಟ್ಟಿತು. ಅಜ್ಜಿ ಮೆಣಸಿನ ಕಷಾಯ ಮಾಡಿಕೊಟ್ಟರು.

ಕಾರ್ಯಕ್ರಮದ ಹಿಂದಿನ ದಿನ ಮೇಡಂ ಲತಾಳನ್ನು ಬಾಲ್ಕನಿಗೆ ಕರೆದರು.

"ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಲತಾ. ಅಪೂರ್ವಂಗೆ ಸ್ವರ ಇನ್ನೂ ನಿಂತಿಲ್ಲ. ದನಿ ಬೇರೆ ಜೋರು. ಮೈಕ್ ಮುಂದೆ ನಿಮ್ಮನ್ನ ಎಳೆದುಬಿಡ್ತಾಳೆ. ನಾಳೆ ಒಂದು ದಿನ ಬಾಯಿ ಮಾತ್ರ ಆಡಿಸ್ಲಿ, ದನಿ ತೆಗೆಯೋದು ಬೇಡ. ನೀವೇ ಹೇಳಿ. ನಾನು ಹೇಳಿದ್ರೆ ಮಗು ನೊಂದ್ಕೊಳ್ಳುತ್ತೆ."

ಆಗಲ್ಲ ಮೇಡಂ ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಆ ಜೋಗುಳ ಹಾಳಾಗುವುದು ಲತಾಳಿಗೂ ಬೇಕಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಜನರೆದುರು ನಿಲ್ಲುವವಳಿದ್ದಳು. ಅದು ಸರಿಯಾಗಿ ಆಗಲಿ ಎಂಬ ಆಸೆ ಅವಳ ಎದೆಯಲ್ಲಿ ಹಸಿವಿನಂತೆ ಕೂತಿತ್ತು.

"ಹೇಳ್ತೀನಿ ಮೇಡಂ," ಎಂದಳು.

ಮಾರನೆಯ ಬೆಳಿಗ್ಗೆ ಜಡೆ ಹಾಕುತ್ತಾ ಹೇಳಿದಳು: "ಪುಟ್ಟಿ, ಇವತ್ತು ಬರೀ ಬಾಯಿ ಆಡಿಸ್ಬೇಕಂತೆ. ದನಿ ತೆಗೀಬಾರ್ದಂತೆ."

"ಯಾಕಮ್ಮಾ?"

"ಮೈಕ್ ಕಡ್ಮೆ ಇದಾವಂತೆ. ಹಿಂದಿನ ಸಾಲಿನೋರು ಸುಮ್ನೆ ಬಾಯಿ ಆಡಿಸ್ಬೇಕು, ಅಷ್ಟೆ."

"ಎಲ್ಲಾರೂನಾ?"

"ಹೂಂ. ಎಲ್ಲಾರೂ."

ಅಪೂರ್ವ ತಲೆಯಾಡಿಸಿದಳು. ಜಡೆ ಕೈತಪ್ಪಿತು; ಲತಾ ಮತ್ತೆ ಮೊದಲಿಂದ ಹೆಣೆದಳು.

ಆ ಸಂಜೆ ಲತಾ ಹಾಡಿದ್ದು ಅವಳೇ ನಂಬಲಾರದಷ್ಟು ಚೆನ್ನಾಗಿತ್ತು. ಪಲ್ಲವಿ ಬಂದಾಗ ಹಿಂದಿನಿಂದ ಮಕ್ಕಳ ದನಿ ಎದ್ದಿತು, ಹದವಾಗಿ, ಒಂದೇ ಎಳೆಯಾಗಿ. ಅದರೊಳಗೆ ಮಗಳ ದನಿ ಇಲ್ಲದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ನೆಮ್ಮದಿಯೂ ಆಯಿತು. ಮುಗಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ಚಿಕ್ಕಲಕ್ಷ್ಮಮ್ಮನವರು ಮೊಮ್ಮಗಳನ್ನು ಬಾಚಿ ತಬ್ಬಿಕೊಂಡರು. "ನಮ್ ಮಗೀನ್ ದನಿ ಅಷ್ಟು ಹಿಂದಕ್ಕೂ ಕೇಳ್ತಿತ್ತು ಕಣ್ಲಾ ಭೈರಾ. ನಾನು ಪಕ್ಕದೋರ್‌ಗೆಲ್ಲ ಹೇಳ್ದೆ, ಅದು ನಮ್ಮುಡ್ಗಿ ಅಂತ."

"ನಾನು ಹಾಡೇ ಇಲ್ಲ ಅಜ್ಜಿ," ಎಂದಳು ಅಪೂರ್ವ.

"ಹಂಗಂದ್ರೆ?"

"ಬಾಯಿ ಆಡಿಸ್ದೆ ಅಷ್ಟೆ. ಅಮ್ಮ ಹಾಡ್ಬೇಡ ಅಂದ್ಲು. ಎಲ್ಲಾರಿಗೂ ಹಂಗೇ ಅಂತ ಹೇಳಿದ್ಲು. ಆದ್ರೆ ನನ್ ಪಕ್ಕ ನಿಂತಿದ್ದ ತನ್ಮಯಿ ಹಾಡಿದ್ಲು. ಎಲ್ಲಾರೂ ಹಾಡಿದ್ರು. ನಂಗೊಬ್ಳಿಗೇ ಅದು."

ಅವಳು ಅಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಳು.

ಭೈರೇಶ ಹೆಂಡತಿಯ ಕಡೆ ನೋಡಿದ. "ಹೌದೇನೇ?"

"ಮೇಡಂ ಹೇಳಿದ್ರು ಅಂತ..."

"ಮೇಡಂ ಹೇಳ್ತಾರೆ. ನೀನ್ಯಾಕೆ ಹೇಳ್ದೆ?"

ಕಾರ್ಯಕ್ರಮ ನೋಡಿದ ಒಬ್ಬ ಹೆಂಗಸು ಬಂದು ಲತಾಳ ಕೈ ಹಿಡಿದು, ಕಣ್ಣಲ್ಲಿ ನೀರು ಬಂತು ರೀ ಅಂದಳು. ಲತಾ ಥ್ಯಾಂಕ್ಸ್ ಅಂದಳು.

ಅವತ್ತಿನಿಂದ ಮನೆಯಲ್ಲಿ ಹಾಡು ನಿಂತಿತು. ಅಪೂರ್ವ ಮುನಿಸಿಕೊಂಡಿರಲಿಲ್ಲ. ಊಟಕ್ಕೆ ಕರೆದರೆ ಬಂದಳು, ಕೇಳಿದ್ದಕ್ಕೆ ಹೂಂ, ಊಹೂಂ ಅಂದಳು. ಬಚ್ಚಲಲ್ಲಿ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಮಕ್ಕಳಲ್ಲವೇ, ಮರೆಯುತ್ತಾಳೆ ಎಂದುಕೊಂಡಳು ಲತಾ.

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು.

"ಪ್ರೇಯರ್‌ನಲ್ಲಿ ತುಟಿ ಆಡುತ್ತೆ, ಸೌಂಡೇ ಬರಲ್ಲ," ಎಂದರು ಕ್ಲಾಸ್ ಟೀಚರ್. "ಎದ್ದುನಿಂತು ಪಾಠ ಓದು ಅಂದ್ರೂ ಅಷ್ಟೆ. ಮೊದ್ಲೆಲ್ಲ ಇವಳನ್ನ ಸುಮ್ನೆ ಕೂರ್ಸೋದೇ ನಮಗೆ ಕಷ್ಟ ಆಗಿತ್ತು ಮೇಡಂ. ಮನೇಲಿ ಏನಾದ್ರೂ ಆಯ್ತಾ?"

ಲತಾ ಅಂದೇ ಸಂಜೆ ಮಗಳನ್ನು ಕರೆದುಕೊಂಡು ಸೀತಾ ಮೇಡಂ ಮನೆಗೆ ಹೋದಳು. ವಿಷಯ ಕೇಳಿ ಮೇಡಂ ಮುಖ ಸಣ್ಣದಾಯಿತು. ಮಂಡಿನೋವಿದ್ದರೂ ನೆಲದ ಮೇಲೆ ಮಗುವಿನೆದುರು ಕೂತರು.

"ತಪ್ಪು ನಂದು ಪುಟ್ಟಾ. ನಿಮ್ಮಮ್ಮಂಗೆ ಹೇಳಿಸಿದ್ದು ನಾನೇ. ಈಗ ನೀನು ಹಾಡು. ಜೋರಾಗಿ ಹಾಡು. ಹೇಗೆ ಬಂದ್ರೂ ನಂಗಿಷ್ಟ."

ಅವರು ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯ ಸ್ವಿಚ್ ಹಾಕಿದರು. ಅಪೂರ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಯಿ ತೆರೆದಳು. ಜೋಗುಳದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತುಟಿಗಳು ಒಂದಕ್ಷರವೂ ತಪ್ಪದೆ ಆಡಿದವು. ಒತ್ತಕ್ಷರಗಳೂ ಸರಿಯಾಗಿದ್ದವು. ದನಿ ಬರಲಿಲ್ಲ. ಅಷ್ಟೂ ಹೊತ್ತು ಅವಳ ಕಣ್ಣು ಅಮ್ಮನ ಮುಖದ ಮೇಲಿತ್ತು, ಸರಿಯಾಗಿ ಮಾಡುತ್ತಿದ್ದೇನಾ ಎಂದು ಕೇಳುವ ಹಾಗೆ.

ಮೇಡಂ ಕೈ ಚಾಚಿ ತಂಬೂರಿ ನಿಲ್ಲಿಸಿದರು.

ಲತಾ ಕ್ಲಾಸು ಬಿಟ್ಟಳು. ಮೇಡಂ ಫೋನು ಮಾಡಿ, "ನೀವಾದ್ರೂ ಬನ್ನಿ, ಇಂಥ ದನಿ ಹಾಳು ಮಾಡ್ಕೋಬೇಡಿ" ಎಂದರು. ಅವಳು ಹೋಗಲಿಲ್ಲ. ಮನೆಯಲ್ಲೇ ಒಂದು ದಿನ, ಮಗಳು ನಕ್ಕಾಳು, ತಿದ್ದಿಯಾಳು ಎಂದು, ಬೇಕೆಂದೇ ಅಪಸ್ವರದಲ್ಲಿ ಕಿರುಚಿ ಹಾಡಿದಳು. ಅಪೂರ್ವ ಹೋಂವರ್ಕಿನಿಂದ ತಲೆಯೆತ್ತಿ, "ಹಂಗೆಲ್ಲ ಮಾಡ್ಬೇಡಮ್ಮಾ" ಅಂದು ಮತ್ತೆ ಬರೆಯತೊಡಗಿದಳು. ಲತಾ ಒಳಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಒಬ್ಬಳೇ ಇದ್ದಾಗಲೂ ಅವಳಿಗೆ ಹಾಡಲಾಗಲಿಲ್ಲ. ಶುರುಮಾಡಿದರೆ ಎರಡನೆಯ ಸಾಲಿಗೇ ನಿಲ್ಲಿಸಿಬಿಡುತ್ತಿದ್ದಳು.

ವಿಜಯನಗರದ ಕೌನ್ಸೆಲರ್ ಒಬ್ಬರ ಹತ್ತಿರವೂ ತೋರಿಸಿದರು. ಒತ್ತಾಯ ಮಾಡಬೇಡಿ, ಕಾಯಿರಿ ಎಂದರು ಅವರು. ಕಾದರು. ಶಾಲೆಯಲ್ಲಿ ಅಪೂರ್ವ ಮೆಲ್ಲಗೆ ಪಾಠ ಓದುವಷ್ಟಾದಳು. ಹಾಡು ಬರಲಿಲ್ಲ. ಅಜ್ಜಿ ಅವರೆಕಾಯಿ ಮುಂದಿಟ್ಟುಕೊಂಡು ಕೇಳಿದರೂ ಬರಲಿಲ್ಲ. ಕೊನೆಕೊನೆಗೆ ಅವರೂ ಕೇಳುವುದನ್ನು ಬಿಟ್ಟರು. ಸೊಸೆಯನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸುತ್ತಿತ್ತು ಲತಾಳಿಗೆ.

ಮುಂದಿನ ಬೇಸಿಗೆಗೆ ಭೈರೇಶ ಮಗಳನ್ನು ಕೆಂಗೇರಿ ಉಪನಗರದಲ್ಲಿ ಸ್ಕೇಟಿಂಗಿಗೆ ಸೇರಿಸಿದ. ಭಾನುವಾರ ಅಂಗಡಿಗೆ ರಜೆ ಹಾಕಿ ತಾನೇ ಕರೆದೊಯ್ಯುವುದಾಗಿ ಹೇಳಿದ. ಅದು ಅವಳಿಗೆ ಹಿಡಿಸಿತು. ಬಿದ್ದರೂ ಎದ್ದು ಸುತ್ತುತ್ತಾಳೆ, ಯಾರ ಕಡೆಯೂ ನೋಡುವುದಿಲ್ಲ, ಎಂದ ಭೈರೇಶ ಮೊದಲ ದಿನ ಬಂದು.

ಎರಡನೆಯ ಭಾನುವಾರ ಲತಾ ಸೀರೆ ಬದಲಾಯಿಸಿ ಹೊರಗೆ ಬಂದಳು.

"ನಾನೂ ಬರ್ಲಾ ಪುಟ್ಟಿ? ಅಲ್ಲಿ ಅಪ್ಪ ಅಮ್ಮಂದಿರೂ ಕಲೀಬಹುದಂತಲ್ಲ."

ಅಪೂರ್ವ ಅಪ್ಪನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ನೀನು ಮನೇಲೇ ಇರಮ್ಮಾ," ಎಂದಳು ಮೆಲ್ಲಗೆ. ಅದರಲ್ಲಿ ಕೋಪವೇನೂ ಇರಲಿಲ್ಲ.

ಲತಾ ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ನೀರಿನ ಬಾಟಲು ಕೊಟ್ಟು, ಗೇಟು ತೆರೆದಳು. ಸ್ಕೂಟರು ಮೇನ್ ರೋಡಿಗೆ ತಿರುಗುವವರೆಗೂ ನಿಂತಿದ್ದು ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿಟ್ಟಳು. ಆಮೇಲಿನ ಭಾನುವಾರಗಳಲ್ಲಿ ಅವಳು ಕೇಳಲಿಲ್ಲ.