ಊದಬೇಡ, ಎಳಿ!

ಹಾರ್ಕ್‌ಸ್ಟನ್ನಿನ ಅರ್ಧ ಊರಿಗೆ ಇ-ಸಿಗರೇಟು ಎಳೆಯುವುದನ್ನು ಕಲಿಸಿದವಳು ನಾನು, ಡೋರೀನ್. ಕಟ್ಟಿಕೊಂಡ ಗಂಡನಿಗೆ ಮಾತ್ರ ಕಲಿಸಲಾಗಲಿಲ್ಲ. ಇದಕ್ಕಿಂತ ನಗೆಪಾಟಲು ಇನ್ನೇನಿದೆ ಹೇಳಿ!

ನನ್ನ ಇ-ಸಿಗರೇಟಿನ ಅಂಗಡಿ ಮೊದಲು ಮಾಂಸದ ಅಂಗಡಿಯಾಗಿತ್ತು. ಗೋಡೆಯ ಬಿಳಿ ಟೈಲ್ಸು, ಮೇಲಿನ ಕೊಕ್ಕೆ ಎಲ್ಲ ಹಾಗೇ ಇವೆ. ಬಂದವರದೆಲ್ಲ ಒಂದೇ ರಾಗ: “ಡೋರೀನ್, ಇದು ಕೆಟ್ಟೋಗಿದೆ ಕಣೇ, ಆವಿನೇ ಬರ್ತಿಲ್ಲ.” ಕೆಟ್ಟಿರುವುದು ಇವರ ಚಾಳಿ. ನಲವತ್ತು ವರ್ಷ ಸಿಗರೇಟು ಸೇದಿದವರು ಇದನ್ನೂ ಹಾಗೇ ಚುರುಕ್ಕೆಂದು ಜಗ್ಗುತ್ತಾರೆ. ಒಳಗಿನ ಹತ್ತಿ ನಿಕೋಟಿನ್ ರಸ ಕುಡಿಯಬೇಕು, ತಂತಿ ಬಿಸಿಯಾಗಿ ಅದನ್ನು ಆವಿ ಮಾಡಬೇಕು, ಅದಕ್ಕೆ ಒಂದಿಷ್ಟು ಪುರುಸೊತ್ತು ಬೇಡವೇ? ಜಗ್ಗಿದರೆ ಬಿಸಿ ರಸ ನಾಲಿಗೆಗೆ ಸಿಡಿಯುತ್ತದೆ, ಅಷ್ಟೇ. “ನಿಧಾನ ಮಾರಾಯಾ, ನಿಧಾನ! ಐದು ಎಣಿಸೋವರೆಗೂ ಎಳಿ. ಮೊದಲು ಬಾಯಿಗೆ, ಆಮೇಲೆ ಎದೆಗೆ. ಬಿಟ್ಟಮೇಲೆ ಸ್ವಲ್ಪ ಹೊತ್ತು ಸುಮ್ನಿರು” ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನನ್ನ ಗಂಡ ನೆವಿಲ್ ಊರಿನ ಕಲ್ಲಿದ್ದಲು ಗಣಿಯವರು ಕಟ್ಟಿದ ಬ್ಯಾಂಡಿನಲ್ಲಿ ಯೂಫೋನಿಯಂ ಊದುತ್ತಾನೆ. ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಊದುವ ಡೊಳ್ಳುಹೊಟ್ಟೆಯ ಹಿತ್ತಾಳೆ ವಾದ್ಯ ಅದು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಬ್ಯಾಂಡು ಮುಚ್ಚಿಲ್ಲ. ಯೂಫೋನಿಯಂನ ಮೊದಲ ಕುರ್ಚಿ, ಅಂದರೆ ಮುಖ್ಯ ವಾದಕನ ಜಾಗ, ಇಪ್ಪತ್ತೆಂಟು ವರ್ಷದಿಂದ ನೆವಿಲ್‌ನದು. ಆದರೆ ಅವನಿಗೀಗ ಅರವತ್ತಾರು, ಅದರಲ್ಲಿ ಐವತ್ತು ವರ್ಷ ಸಿಗರೇಟು. ಮಹಡಿ ಹತ್ತಿ ಬಂದು ಮಲಗಿದರೆ ಎದೆಯೊಳಗೆ ಸೀಟಿ ಹೊಡೆಯುತ್ತಿತ್ತು. ಆ ಸೀಟಿ ಕೇಳುತ್ತ ನಾನು ಎದ್ದು ಕೂತಿದ್ದೆಷ್ಟು ಸಲವೋ. ನನಗೆ ಹೆದರಿಕೆ ಆಗುತ್ತಿತ್ತು ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಈ ವರ್ಷದ ಬ್ಯಾಂಡು ಸ್ಪರ್ಧೆಯ ಸಂಗೀತದಲ್ಲಿ ಯೂಫೋನಿಯಂಗೆ ಒಂದು ಉದ್ದನೆಯ ಸ್ವರಗಳ ಸಾಲಿತ್ತು. ಮೆತ್ತಗೆ ಶುರುವಾಗಿ, ಏರಿ, ಇಳಿದು, ಒಂದೇ ಉಸಿರಿನಲ್ಲಿ ಮುಗಿಯಬೇಕು. ನೆವಿಲ್ ನಡುವೆ ಕದ್ದು ಉಸಿರು ತೆಗೆದುಕೊಳ್ಳುತ್ತಿದ್ದ. ಬ್ಯಾಂಡು ನಡೆಸುವ ಹೆಡ್ಲಿ ಒಂದು ದಿನ ಕೋಲು ಕೆಳಗಿಟ್ಟು ಹೇಳಿಯೇಬಿಟ್ಟ: “ನೆವಿಲ್, ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲಪ್ಪ. ಸ್ಪರ್ಧೆ ದಿನ ಆ ಸಾಲು ಮುರಿದ್ರೆ ಕುರ್ಚಿ ಬೇರೆಯವರಿಗೆ ಕೊಡ್ತೀನಿ.”

ಅಂದೇ ನೆವಿಲ್ ಸಿಗರೇಟು ಬಿಟ್ಟ. ನನಗೆ ಕುಣಿಯುವಷ್ಟು ಖುಷಿ. ಅಂಗಡಿಯಲ್ಲಿದ್ದ ಒಳ್ಳೆಯ ಇ-ಸಿಗರೇಟು ತಂದು, ಅವನಿಗಿಷ್ಟವಾದ ರೂಬಾರ್ಬ್ ಕಸ್ಟರ್ಡಿನ ರುಚಿಯ ರಸ ತುಂಬಿ, “ನೋಡು, ಹೀಗೆ ನಿಧಾನಕ್ಕೆ...” ಎಂದು ಬಾಯಿ ತೆರೆದೆ.

“ಏ ಸಾಕು ಸುಮ್ನಿರೇ! ಐವತ್ತು ವರ್ಷದಿಂದ ಗಾಳಿ ಆಡಿಸ್ತಿರೋನು ನಾನು. ನನಗೇ ಉಸಿರಾಡೋದು ಕಲಿಸ್ತೀಯಾ?” ಎಂದು ಕಿತ್ತುಕೊಂಡು ಹಿತ್ತಲಿನ ಶೆಡ್ಡಿಗೆ ಹೋದ. ಹತ್ತು ನಿಮಿಷಕ್ಕೆ ವಾಪಸ್ಸು ಬಂದ, ಮುಖ ಹರಳೆಣ್ಣೆ ಕುಡಿದ ಹಾಗೆ. “ನಿನ್ನ ಡಬ್ಬ ಕೆಟ್ಟೋಗಿದೆ.”

ಇನ್ನೊಂದು ಕೊಟ್ಟೆ. ಅದೂ ಕೆಟ್ಟಿತು. ಮತ್ತೊಂದು ಕೊಟ್ಟೆ. ಅಡಿಯಿಂದ ರಸ ಸೋರಿ ಪ್ಯಾಂಟಿನ ಜೇಬೆಲ್ಲ ಅಂಟು. ಅಷ್ಟರಲ್ಲಿ ಬ್ಯಾಂಡಿನಲ್ಲಿ ಟೂಬಾ ಊದುವ ರೆಗ್ ಬಂದ. ರೆಗ್ ಬಾಗಿಲಲ್ಲಿ ನಿಂತರೆ ಅಂಗಡಿಗೆ ಬೆಳಕು ಬರುವುದಿಲ್ಲ, ಅಷ್ಟು ದೊಡ್ಡ ಆಳು. “ಡೋರೀನ್, ನಂದೂ ಸೋರ್ತಾ ಇದೆ.” ಅವನ ಹಿಂದೆ ಟ್ರಾಂಬೋನ್ ಊದುವವರು ಇಬ್ಬರು. ಅವರವೂ ಸೋರುತ್ತಿದ್ದವು. ನನ್ನ ಪಿತ್ತ ನೆತ್ತಿಗೇರಿತು. ಸರಕು ಕಳಿಸುವವನಿಗೆ ಫೋನು ಹಚ್ಚಿ, ಅವನ ಏಳು ತಲೆಮಾರು ಜಾಲಾಡಿಬಿಟ್ಟೆ. ಪಾಪ, ಅವನು ಅಳುವ ದನಿಯಲ್ಲಿ “ಮೇಡಂ, ಬೇರೆ ಯಾವ ಊರಿಂದಾನೂ ಒಂದೂ ದೂರು ಬಂದಿಲ್ಲ” ಅಂದ. ಸುಳ್ಳ ಅಂತ ಬೈದು ಫೋನಿಟ್ಟೆ.

ಇತ್ತ ನೆವಿಲ್ ಸಿಗರೇಟೂ ಇಲ್ಲದೆ ಆವಿಯೂ ಇಲ್ಲದೆ ಹುಚ್ಚನಂತಾದ. ಟೋಸ್ಟಿನ ಮೇಲೆ ರೇಗಿದ. ಬೆಕ್ಕಿನ ಹತ್ತಿರ ಮಾತು ಬಿಟ್ಟ. ಸ್ಪರ್ಧೆಗೆ ಒಂದು ವಾರವಿದೆ ಎನ್ನುವಾಗ ಚಹಾದ ಲೋಟ ನೋಡುತ್ತ ಮೆಲ್ಲಗೆ ಹೇಳಿದ: “ಹೆಂಗೂ ಕುರ್ಚಿ ಹೋಗುತ್ತೆ ಕಣೇ. ಹೋದಮೇಲೆ ಸಿಗರೇಟು ಬಿಟ್ಟು ಏನು ಉಳಿಸ್ಕೋಬೇಕು?” ನಾನು ಎದ್ದು ಹೋಗಿ ಕಡುಬಿಗೆ ಹಿಟ್ಟು ಕಲಸಿದೆ.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಅಭ್ಯಾಸದ ಕೊಠಡಿಗೆ ಕಡುಬಿನ ತಟ್ಟೆ ಹೊತ್ತುಕೊಂಡು ಹೋದೆ. ಮಾಂಸದ ಕಡುಬು ಕಂಡರೆ ಹೆಡ್ಲಿ ಸ್ವಲ್ಪ ಮೆತ್ತಗಾಗುತ್ತಾನೆ. ಒಳಗೆ ಚಳಿ. ಹಿತ್ತಾಳೆ ತಣ್ಣಗಿದ್ದರೆ ಸ್ವರ ಇಳಿಯುತ್ತದೆಂದು ಎಲ್ಲರೂ ವಾದ್ಯದೊಳಗೆ ಸದ್ದಿಲ್ಲದೆ “ಹಾ...” ಎಂದು ಬಿಸಿ ಉಸಿರು ತುಂಬುತ್ತಿದ್ದರು. ಇಪ್ಪತ್ತೈದು ಜನ ಒಟ್ಟಿಗೆ “ಹಾ...”. ಆಮೇಲೆ ವಾದ್ಯ ಬಗ್ಗಿಸಿ ಒಳಗಿನ ನೀರು ಬಸಿಯುವುದು. ಇದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ.

ನೆವಿಲ್ ಯೂಫೋನಿಯಂ ಕೆಳಗಿಟ್ಟು ಅಂಗಳಕ್ಕೆ ಬಂದ. ಜೇಬಿನಿಂದ ಇ-ಸಿಗರೇಟು ತೆಗೆದ. ಅದರ ತುದಿಯನ್ನು ಕರವಸ್ತ್ರದಿಂದ ಒರೆಸಿದ. ತುಟಿಗಿಟ್ಟ. ಆಮೇಲೆ, ದೇವರಾಣೆ, ಕಣ್ಣು ಮುಚ್ಚಿ ಅದರೊಳಗೆ “ಹಾ...” ಎಂದು ಊದಿದ! ಊದಿ, ಬಗ್ಗಿಸಿ, ನೀರು ಬಸಿಯುವಂತೆ ಎರಡು ಸಲ ಕೊಡವಿದ. ಕೊನೆಗೆ ಬಾಯಿಗಿಟ್ಟು ಜಗ್ಗಿದ.

ಅವನ ಪಕ್ಕ ರೆಗ್. ಒರೆಸಿದ, “ಹಾ...” ಅಂದ, ಕೊಡವಿದ. ಅವನ ಪಕ್ಕದ ಟ್ರಾಂಬೋನಿನವರೂ ಅಷ್ಟೇ.

ಕಡುಬಿನ ತಟ್ಟೆ ನನ್ನ ಕೈಯಿಂದ ಜಾರುವುದರಲ್ಲಿತ್ತು. “ಅಯ್ಯೋ ನಿಮ್ಮ ಮುಖಕ್ಕಿಷ್ಟು!” ಎಂದು ಕೂಗಿದ್ದು ಎದುರು ಬೀದಿಗೂ ಕೇಳಿರಬೇಕು. “ಊದ್ತಿದೀರೇನ್ರೋ ಅದನ್ನ?”

“ಬೆಚ್ಚಗೆ ಮಾಡ್ಬೇಡ್ವಾ?” ಎಂದ ರೆಗ್, ಮುಗ್ಧನಾಗಿ.

“ಊದಿದ್ರೆ ರಸ ಎಲ್ಲ ಅಡಿಗೆ ಹೋಗಿ ಅದರ ಕರುಳೇ ಒದ್ದೆಯಾಗುತ್ತೆ ಕಣೋ! ಅದಕ್ಕೇ ಸೋರೋದು, ಅದಕ್ಕೇ ಆವಿ ಬರ್ದೇ ಇರೋದು! ನಾನು ಆ ಬಡಪಾಯಿಗೆ ಫೋನಲ್ಲಿ ಹಿಡಿಶಾಪ ಹಾಕಿದೀನಲ್ಲೋ!”

ಮೊದಲು ರೆಗ್‌ನ ಹೊಟ್ಟೆ ಅಲುಗಿತು. ನಗು ಹತ್ತಿಕೊಂಡಿದ್ದೇ ತಡ, ಯಾರೂ ನಿಲ್ಲಿಸಲಾರದೆ ಹೋದರು. ನಾನು ಗೋಡೆ ಹಿಡಿದು ನಕ್ಕೆ. ನೆವಿಲ್ ಒಬ್ಬ ಕೆಂಪಗಾಗಿ ನಿಂತಿದ್ದ. ಕೊನೆಗೆ ಅವನೂ “ಥೂ ನಮ್ಮ!” ಎಂದು ನಕ್ಕು, ಐವತ್ತು ವರ್ಷದ ಜಂಬ ಬಿಟ್ಟು, ಕೇಳಿದ: “ಸರಿ ಕಣೇ. ಹೆಂಗೆ ಅಂತ ಹೇಳು.”

ನಾನು ಹೆಡ್ಲಿಯ ಕೋಲು ಕಸಿದುಕೊಂಡೆ. ಅಂಗಡಿಯಿಂದ ಒದ್ದೆಯಾಗದ ಹೊಸ ಇ-ಸಿಗರೇಟುಗಳನ್ನು ತರಿಸಿ ಎಲ್ಲರ ಕೈಗೂ ಕೊಟ್ಟೆ. “ಕೇಳ್ರಪ್ಪಾ. ನಿಮ್ಮ ಅತಿ ಮೆತ್ತನೆ ಸ್ವರ ಇದೆಯಲ್ಲ, ತೊಟ್ಟಿಲ ಮಗು ಏಳಬಾರ್ದು ಅನ್ನೋ ಹಾಗೆ ಊದ್ತೀರಲ್ಲ, ಅದನ್ನೇ ತಿರುಗಿಸಿ. ಅಷ್ಟೇ ಮೆತ್ತಗೆ, ಒಂದೇ ಸಮನೆ, ಒಳಗೆ. ಕೆನ್ನೆ ಒಳಗೆ ಹೋಗಬಾರ್ದು. ಒಂದು... ಎರಡು... ಏ ರೆಗ್, ಸಾರು ಹೀರ್ತಿಲ್ಲ ನೀನು! ಮೂರು... ನಾಲ್ಕು... ಐದು. ಈಗ ಎದೆಗೆ. ಬಿಡಿ!”

ಆಹಾ! ಬಿಟ್ಟರು ನೋಡಿ. ಹಿತ್ತಾಳೆ ವಾದ್ಯದವರ ಎದೆ ಅದು! ದಪ್ಪನೆಯ ಬಿಳಿ ಆವಿ ಒಟ್ಟಿಗೆ ಎದ್ದು ಕೊಠಡಿಯ ಬಾಗಿಲೇ ಕಾಣದ ಹಾಗಾಯಿತು. ಎದುರು ಮನೆಯ ಮುದುಕಿ ಕಿಟಕಿ ತೆಗೆದು “ಬೆಂಕಿ ಬಿತ್ತೇನ್ರೋ?” ಎಂದಳು. ಮೋಡದ ಒಳಗಿಂದ ನೆವಿಲ್‌ನ ದನಿ ಬಂತು: “ಡೋರೀನ್! ಕಸ್ಟರ್ಡು ಕಣೇ! ನಿಜವಾಗ್ಲೂ ಕಸ್ಟರ್ಡಿನ ರುಚಿ!”

ಉಳಿದ ಐದು ದಿನ ಅವನು ಬೆಕ್ಕಿನ ಹತ್ತಿರವೂ ಚೆನ್ನಾಗಿ ಮಾತಾಡಿದ. ಆದರೆ ಆ ಸಾಲು ಮನೆಯಲ್ಲಿ ಒಂದು ಸಲವೂ ಪೂರ್ತಿಯಾಗಲಿಲ್ಲ. ಶುಕ್ರವಾರ ಕೊನೆಯ ಎರಡು ಸ್ವರ ಉಳಿದುಕೊಂಡವು.

ಶನಿವಾರ ಸ್ಪರ್ಧೆ. ಸಭಾಂಗಣದ ನಡುವೆ ಎಂದಿನಂತೆ ಬಟ್ಟೆಯ ಗುಡಾರ, ಅದರೊಳಗೆ ತೀರ್ಪುಗಾರ. ಯಾವ ಬ್ಯಾಂಡು ನುಡಿಸುತ್ತಿದೆಯೆಂದು ಅವನಿಗೆ ಕಾಣಬಾರದು, ಕಿವಿಗೆ ಕೇಳಿದ್ದಷ್ಟೇ ಲೆಕ್ಕ. ನಮ್ಮವರು ಹೊರಗಡೆ ಒಂದೊಂದು ಸಲ ಮೆತ್ತಗೆ ಎಳೆದು, ಮೈಯೆಲ್ಲ ಕಸ್ಟರ್ಡಿನ ವಾಸನೆ ಹೊತ್ತು, ವೇದಿಕೆಗೆ ಬಂದು ಕೂತರು.

ಸಾಲು ಬಂತು. ನೆವಿಲ್ ಉಸಿರು ತುಂಬಿಕೊಂಡ. ನಾನೂ ತುಂಬಿಕೊಂಡೆ. ಸ್ವರ ಎಷ್ಟು ಮೆತ್ತಗೆ ಶುರುವಾಯಿತೆಂದರೆ ಯಾವಾಗ ಶುರುವಾಯಿತೆಂದೇ ತಿಳಿಯಲಿಲ್ಲ. ಏರಿತು. ಅವನು ಯಾವಾಗಲೂ ಉಸಿರು ಕದಿಯುವ ಜಾಗ ಬಂತು, ದಾಟಿಹೋಯಿತು. ಇಳಿಯತೊಡಗಿತು. ಅವನ ಮುಖ ಬೀಟ್‌ರೂಟಾಗಿತ್ತು. ಕೊನೆಯ ಎರಡು ಸ್ವರ... ಬಿಡಬೇಡ, ನನ್ನಪ್ಪಾ, ಬಿಡಬೇಡ... ಬಂದವು! ಎರಡೂ ಬಂದವು! ನಾನು ಉಸಿರು ಬಿಟ್ಟ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ ಬಿಡಿ, ನನ್ನ ಗಂಡ ಅವನು!

ಹನ್ನೊಂದು ಬ್ಯಾಂಡುಗಳಲ್ಲಿ ನಾವು ಮೂರನೆಯವರು. ವಾಪಸ್ಸು ಬರುವ ಬಸ್ಸಿನಲ್ಲಿ ಹೆಡ್ಲಿ ಎದ್ದು ನಿಂತು ತೀರ್ಪುಗಾರನ ಚೀಟಿ ಓದಿದ: “‘ಯೂಫೋನಿಯಂ: ಒಂದೇ ಉಸಿರು. ಪೆನ್ನು ಕೆಳಗಿಟ್ಟು ಕೇಳಿದೆ. ಗುಡಾರದೊಳಗೆ ಕಸ್ಟರ್ಡಿನ ವಾಸನೆ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ, ತುಂಬಾ ಹಸಿವಾಯಿತು.’ ನೆವಿಲ್, ಕುರ್ಚಿ ನಿಂದೇ ಕಣಯ್ಯ!” ಬಸ್ಸು ಹಾರಿಹೋಗುವಷ್ಟು ಕೇಕೆ.

ಗದ್ದಲ ಇಳಿದ ಮೇಲೆ ನೆವಿಲ್ ವಾದ್ಯದ ಪೆಟ್ಟಿಗೆ ತೆರೆದು, ಒಳಗಿನ ಮಖಮಲ್ಲಿನ ಅಡಿಯಿಂದ ಏನೋ ತೆಗೆದು ನನ್ನ ಮಡಿಲಿಗಿಟ್ಟ. ಸಿಗರೇಟಿನ ಪ್ಯಾಕು. ಮೇಲಿನ ಹಾಳೆಯನ್ನೂ ಬಿಚ್ಚಿರಲಿಲ್ಲ.

“ಕುರ್ಚಿ ಹೋಗಿದ್ರೆ ಬಸ್ಸಿಳಿದ ತಕ್ಷಣ ಹಚ್ಚೋಣ ಅಂತಿದ್ದೆ” ಎಂದ.

“ಇಷ್ಟು ದಿನ ಇದನ್ನ ಇಟ್ಕೊಂಡಿದ್ಯಾ? ನನ್ನ ಕಣ್ಣಿಗೆ ಮಣ್ಣೆರಚಿ?” ಆ ಪ್ಯಾಕಿನಿಂದಲೇ ಅವನ ತಲೆಗೆ ನಾಲ್ಕು ಬಾರಿಸಿದೆ. ಐದನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅಳು ಬಂದುಬಿಟ್ಟಿತು. ಎದ್ದು ಹೋಗಿ ಡ್ರೈವರಿನ ಕಸದ ಚೀಲಕ್ಕೆ ಅದನ್ನು ಎಸೆದು ಬಂದೆ.

ಬಂದು ಕೂತು, ಎಲ್ಲರೂ ನೋಡುತ್ತಿದ್ದರೂ, ಅವನ ಎದೆಗೆ ಕಿವಿಯಿಟ್ಟೆ.

“ಏನೇ ಅದು, ಡಾಕ್ಟರಮ್ಮ?”

“ಸುಮ್ನೆ ಉಸಿರಾಡು. ನಿಧಾನಕ್ಕೆ.”

ಸೀಟಿ ಇನ್ನೂ ಇತ್ತು. ಆದರೆ ಬಹಳ ಸಣ್ಣಗಾಗಿತ್ತು, ಬಸ್ಸಿನ ಸದ್ದಿನಲ್ಲಿ ಹುಡುಕಿ ಕೇಳಬೇಕಾಯಿತು. ಊರು ಬರುವವರೆಗೂ ನಾನು ಕಿವಿ ತೆಗೆಯಲಿಲ್ಲ.